ಜೋಗಕ್ಕೆ ಹೋದ ಹಳೆಯ ದಾರಿ

ನಾಲ್ಕು ದಿನ ರಜೆ ಕೂಡಿಬಂದರೆ ಮೋಟಾರು ಹತ್ತಿ ಜಲಪಾತ ನೋಡಲು ಹೊರಡುವುದು ಈಗ ಪೇಟೆಯ ಸಂಸಾರಗಳಿಗೆ ವಾಡಿಕೆಯಾಗಿದೆ. ಬೆಂಗಳೂರಿನಿಂದ ಬೆಳಗ್ಗೆ ಹೊರಟವರು ಸಂಜೆಗೆ ಸಾಗರದಲ್ಲಿ ಕಾಫಿ ಕುಡಿಯಬಹುದು. ಹೊರಡುವ ಮುನ್ನ ಮನೆಯಲ್ಲಿ ಚರ್ಚೆಗೆ ಬರುವ ಪ್ರಶ್ನೆಗಳು ಎರಡು: ಯಾವ ತಿಂಗಳು ಹೋಗಬೇಕು, ಯಾವ ದಾರಿ ಹಿಡಿಯಬೇಕು? ನಮ್ಮ ಮುತ್ತಜ್ಜಂದಿರ ಕಾಲದಲ್ಲಿಯೂ ಪ್ರಶ್ನೆಗಳು ಇವೇ. ಉತ್ತರಗಳು ಮಾತ್ರ ತಿರುಗುಮುರುಗಾಗಿವೆ. ಅದು ಹೇಗಾಯಿತೆಂಬುದರಲ್ಲಿ ನಮ್ಮ ನಾಡಿನ ನೂರೈವತ್ತು ವರ್ಷಗಳ ಚರಿತ್ರೆಯೇ ಅಡಗಿದೆ.

ಮೊದಲು ದಾರಿಯ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಜೋಗಕ್ಕೆ ಬರುತ್ತಿದ್ದ ದೊರೆಗಳು ಹೆಚ್ಚಾಗಿ ಸಮುದ್ರದ ಕಡೆಯಿಂದಲೇ ಬರುತ್ತಿದ್ದರು. ಹೊನ್ನಾವರದಲ್ಲಿ ದೋಣಿ ಹತ್ತಿ, ಶರಾವತಿಯಲ್ಲಿ ಸುಮಾರು ಹದಿನೆಂಟು ಮೈಲಿ ಮೇಲಕ್ಕೆ ಸಾಗಿದರೆ ಗೇರುಸೊಪ್ಪೆ. ಅಲ್ಲಿಂದ ಮೇನೆಯಲ್ಲಿ ಕುಳಿತು ಮಾಲೆಮನೆ ಘಟ್ಟ ಹತ್ತಬೇಕು; ಅದೂ ಹೆಚ್ಚುಕಡಮೆ ಅಷ್ಟೇ ದೂರ. ಇಂಗ್ಲಿಷರ ಬಾಯಲ್ಲಿ ಜೋಗವು ‘ಗೇರುಸೊಪ್ಪೆ ಜಲಪಾತ’ವಾದದ್ದು ಇದರಿಂದಲೇ. ಗೇರುಸೊಪ್ಪೆಯೇನೂ ಹೊಸ ಊರಲ್ಲ. ಹದಿನಾರನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿಯ ರಾಜಧಾನಿ ಅದು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ಆಕೆಯ ಕಾಲದ ವೈಭವಕ್ಕೆ ಚತುರ್ಮುಖ ಬಸದಿ ಈಗಲೂ ಕಾಡಿನ ನಡುವೆ ಸಾಕ್ಷಿಯಾಗಿ ನಿಂತಿದೆ. ಮೆಣಸಿನ ಹೇರು ಇಳಿದ ಸೀಮೆಯಲ್ಲಿ ಮುಂದೆ ದೊರೆಗಳ ಮೇನೆ ಹತ್ತಿತು. ಮೇನೆ ಹೊತ್ತವರಿಗೆ ಜಲಪಾತ ಹೇಗೆ ಕಂಡಿತೋ, ಯಾರೂ ಬರೆದಿಡಲಿಲ್ಲ.

ನೋಡಿದ್ದಷ್ಟೇ ಸಾಲದೆ, ಅಳೆಯುವ ಹುಮ್ಮಸ್ಸೂ ಬಂತು. 1856ರಲ್ಲಿ ನೌಕಾಪಡೆಯ ಇಬ್ಬರು ಅಧಿಕಾರಿಗಳು ಕಮರಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ತೊಟ್ಟಿಲಿನಲ್ಲಿ ಕುಳಿತು ನಡುವೆ ಸರಿದು, ಗುಂಡು ಕಟ್ಟಿದ ದಾರವನ್ನು ಕೆಳಗೆ ಬಿಟ್ಟರು. ಧಾರೆಯ ಎತ್ತರ 830 ಅಡಿ, ಕೆಳಗಿನ ಗುಂಡಿಯ ಆಳ 132 ಅಡಿ ಎಂದು ಬಂತು. ಇಂದು ಪ್ರವಾಸಿಗಳ ಕೈಪಿಡಿಗಳಲ್ಲಿ ಅಚ್ಚಾಗುವ 253 ಮೀಟರು ಎಂಬ ಲೆಕ್ಕ ಆ ಅಳತೆಗೆ ಸರಿಹೊಂದುತ್ತದೆ. ತೊಟ್ಟಿಲಿನಲ್ಲಿ ತೂಗುತ್ತ ಕೆಲಸ ಮಾಡಿದವರಿಗೆ ಇದಕ್ಕಿಂತ ಒಳ್ಳೆಯ ಪ್ರಶಸ್ತಿ ಬೇಕಿಲ್ಲ.

ಆಗ ಹೊಳೆಯ ಒಂದು ದಡ ಮೈಸೂರು, ಇನ್ನೊಂದು ದಡ ಮುಂಬಯಿ ಪ್ರಾಂತ. ಎರಡು ದಡದಲ್ಲೂ ಒಂದೊಂದು ಬಂಗಲೆ. ಕನ್ನಡದ ನೀರು ಕನ್ನಡದ ಕಲ್ಲಿನ ಮೇಲೆ ಬೀಳುವುದನ್ನು ಎರಡು ಸರಕಾರಗಳ ಅಪ್ಪಣೆಯಲ್ಲಿ ನೋಡಬೇಕಾಗಿದ್ದ ಆ ಸ್ಥಿತಿ 1956ರ ಏಕೀಕರಣದವರೆಗೆ ಉಳಿದಿತ್ತು. ಮೈಸೂರಿನ ಕಡೆಯಿಂದ ರೈಲು ಶಿವಮೊಗ್ಗೆಯನ್ನು ದಾಟಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಮೇನೆಯ ಕಾಲ ಮುಗಿಯಿತು.

ಎಲ್ಲರೂ ಜೋಗಕ್ಕೆ ಮರುಳಾದವರೇ ಎನ್ನುವಂತಿಲ್ಲ. 1927ರಲ್ಲಿ ಗಾಂಧೀಜಿ ಸಾಗರಕ್ಕೆ ಬಂದಿದ್ದಾಗ ಕಾಕಾ ಕಾಲೇಲ್ಕರರು ಅವರನ್ನು ಜೋಗಕ್ಕೆ ಕರೆದರು. ನೀರು ಬೀಳುವ ಎತ್ತರವನ್ನು ಹೇಳಿ ಆಸೆ ಹುಟ್ಟಿಸಲು ನೋಡಿದರು. ಆಕಾಶದಿಂದ ಬೀಳುವ ಮಳೆ ಅದಕ್ಕಿಂತ ಎಷ್ಟು ಎತ್ತರದಿಂದ ಬೀಳುತ್ತದೆ ಎಂದು ಗಾಂಧೀಜಿ ಕೇಳಿದರಂತೆ. ಕಾಲೇಲ್ಕರರು ತಾವೇ ಹೋಗಿ ನೋಡಿ ಬಂದರು. ಮುಂದೆ ಜೋಗದ ವಿದ್ಯುದಾಗಾರಕ್ಕೆ ಇಟ್ಟದ್ದು, ಅದನ್ನು ನೋಡದೆ ಹೋದ ಆ ಮಹಾತ್ಮರ ಹೆಸರನ್ನೇ!

ಇನ್ನು ತಿಂಗಳ ಮಾತು. ಚರಿತ್ರೆ ಬಿಗಿಯಾಗುವುದು ಇಲ್ಲಿ. ಹಳೆಯ ಪ್ರವಾಸಿಗಳು ಮಳೆಗಾಲದಲ್ಲಿ ಬರುತ್ತಿರಲಿಲ್ಲ. ಆಗ ಕಮರಿಯ ತುಂಬ ಮಂಜು, ಘಟ್ಟದ ತುಂಬ ಇಂಬಳ. ಡಿಸೆಂಬರಿನ ಆಸುಪಾಸಿನಲ್ಲಿ ಬಂದರೆ ಆಕಾಶ ತಿಳಿಯಾಗಿ, ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಬೇರೆ ಬೇರೆಯಾಗಿ ಕಾಣುತ್ತಿದ್ದವು; ಹೊಳೆಯಲ್ಲಿ ನೀರೂ ಇರುತ್ತಿತ್ತು. ಇಂದು ಡಿಸೆಂಬರಿನಲ್ಲಿ ಹೋದವರು ಬಹಳ ಸಲ ಕಪ್ಪು ಬಂಡೆಯ ಮೇಲೆ ನಾಲ್ಕು ಬಿಳಿಯ ಎಳೆಗಳನ್ನು ಕಂಡು ಪೆಚ್ಚಾಗಿ ಮರಳುತ್ತಾರೆ. 1964ರಲ್ಲಿ ಮೇಲುಗಡೆ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಜೋಗದ ಋತು ಜುಲೈನಿಂದ ಸೆಪ್ಟೆಂಬರಿಗೆ ಸರಿದಿದೆ. ಮಳೆ ಜೋರಾಗಿ, ಕಟ್ಟೆ ತುಂಬಿ, ಬಾಗಿಲು ತೆರೆದ ದಿನವೇ ಹಬ್ಬ. ಆದುದರಿಂದ ಇಂದಿನ ಪ್ರವಾಸಿ ಪಂಚಾಂಗಕ್ಕಿಂತ ಜಲಾಶಯದ ಮಟ್ಟವನ್ನು ನೋಡಿ ಹೊರಡುವುದು ಮೇಲು.

ಲಿಂಗನಮಕ್ಕಿಗೂ ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಇತ್ತು. ಹೊಸ ಕಟ್ಟೆಯ ನೀರಿನಲ್ಲಿ ಹಳೆಯ ಕಟ್ಟೆಯೇ ಮುಳುಗಿಹೋಯಿತು. ಬರಗಾಲದ ವರ್ಷಗಳಲ್ಲಿ ಅದರ ಸೈಫನ್ನುಗಳು ನೀರಿನಿಂದ ತಲೆಯೆತ್ತುತ್ತವೆ. ಅದರೊಡನೆ ಮುಳುಗಿದ ಗದ್ದೆ, ತೋಟ, ಮನೆಗಳು ತಲೆಯೆತ್ತಲಿಲ್ಲ. ನಾಡಿಗೆ ದೀಪ ಕೊಟ್ಟ ಆ ಜನರಲ್ಲಿ ಅನೇಕರಿಗೆ ಸಿಕ್ಕಿದ ಬದಲಿ ನೆಲದ ಹಕ್ಕುಪತ್ರದ ಪ್ರಶ್ನೆ ದಶಕಗಳ ಕಾಲ ಬಗೆಹರಿಯದೆ ಉಳಿಯಿತು. ಹಿನ್ನೀರಿನ ಆಚೆ ಉಳಿದ ತುಮರಿಯ ಕಡೆಯವರು ಸಾಗರದ ಆಸ್ಪತ್ರೆಗೋ ಕಚೇರಿಗೋ ಬರಲು ಲಾಂಚಿಗಾಗಿ ಕಾಯಬೇಕಾಗಿತ್ತು. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಉದ್ದ ಸುಮಾರು ಎರಡೂವರೆ ಕಿಲೋಮೀಟರು. ಜಲಪಾತ ನೋಡುವವರ ರಸ್ತೆ ಮೊದಲು ಬಂತು, ಜಲಪಾತಕ್ಕಾಗಿ ಊರು ಬಿಟ್ಟವರ ರಸ್ತೆ ಆಮೇಲೆ ಬಂತು. ಜೋಗಕ್ಕೆ ಹೋಗುವವರು ಒಂದು ಅರ್ಧ ದಿನವನ್ನು ಈ ಸೇತುವೆಗೂ ಇಟ್ಟುಕೊಳ್ಳಬೇಕೆಂದು ನನ್ನ ಸಲಹೆ. ನೀರಿನ ಹರವನ್ನು ಕಂಡರೆ ಮುಳುಗಿದ್ದರ ಅಂದಾಜು ಸಿಗುತ್ತದೆ.

ಮೂರನೆಯ ದಿನ ಸಿದ್ದಾಪುರದ ಮೇಲೆ ಹೆಗ್ಗರಣೆಗೆ ಹೋಗಿ, ಕಾಡಿನಲ್ಲಿ ನಡೆದರೆ ಅಘನಾಶಿನಿ 116 ಮೀಟರು ಧುಮುಕುವ ಉಂಚಳ್ಳಿ. 1845ರಲ್ಲಿ ಲಷಿಂಗ್ಟನ್ ಎಂಬ ಜಿಲ್ಲಾಧಿಕಾರಿ ಇದನ್ನು ‘ಕಂಡುಹಿಡಿದ’ನೆಂದು ಅವನ ಹೆಸರನ್ನೇ ಇಟ್ಟರು. ಕಿವಿಗಡಚಿಕ್ಕುವ ಸದ್ದಿಗಾಗಿ ಊರವರು ಇದನ್ನು ಕೆಪ್ಪಜೋಗವೆನ್ನುತ್ತಾರೆ. ಅವರಿಗೆ ಯಾರೂ ಕಂಡುಹಿಡಿದು ಕೊಡಬೇಕಾಗಿರಲಿಲ್ಲ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಕಟ್ಟೆಯಿಲ್ಲದ ಹೊಳೆ ಮಳೆ ನಿಂತ ಮೇಲೆ ತಾನಾಗಿ ಇಳಿಯುವ ಬಗೆಯನ್ನು ನೋಡಬೇಕೆನ್ನುವವರು ಅಕ್ಟೋಬರಿನಲ್ಲಿ ಇಲ್ಲಿ ನಿಲ್ಲಬೇಕು. 1964ಕ್ಕೆ ಹಿಂದಿನ ಜೋಗದ ನಡವಳಿಕೆ ಅಲ್ಲಿ ಸ್ವಲ್ಪವಾದರೂ ಅರ್ಥವಾಗುತ್ತದೆ.

ನಾಲ್ಕನೆಯ ದಿನ ಶಿರಸಿಯಿಂದ ಯಲ್ಲಾಪುರದ ಕಡೆಗೆ ಮಾಗೋಡು. ಬೇಡ್ತಿ ಹೊಳೆ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಮರಿಗೆ ಇಳಿಯುತ್ತದೆ. ಇದಕ್ಕೂ ಅಣೆಕಟ್ಟು ಕಟ್ಟುವ ಯೋಜನೆ ತಯಾರಾಗಿತ್ತು. ಅಡಿಕೆ ತೋಟಿಗರು ಬರೀ ಕೂಗಾಡಲಿಲ್ಲ. ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಶಿರಸಿಗೆ ಕರೆಸಿ, ಮುಳುಗುವ ಕಾಡು ತೋಟಗಳ ಬೆಲೆಯನ್ನು ಬರುವ ವಿದ್ಯುತ್ತಿನ ಬೆಲೆಯೊಡನೆ ತೂಗಿ ನೋಡಿಸಿದರು. 1980ರ ದಶಕದ ಮೊದಲಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು. ಶರಾವತಿಯ ಕಣಿವೆಯವರಿಗೆ ಇಂಥ ಲೆಕ್ಕ ಹಾಕಿಸಿಕೊಡುವವರು ಇರಲಿಲ್ಲ.

ಐದನೆಯ ದಿನವೂ ಇದ್ದವರು ಗೋಕಾಕಕ್ಕೆ ಹೋಗಬಹುದು. ಅಲ್ಲಿ ಘಟಪ್ರಭೆ 170 ಅಡಿ ಬೀಳುತ್ತದೆ, ತೂಗುಸೇತುವೆಯಿದೆ, ಹಳೆಯ ಹತ್ತಿಗಿರಣಿಯಿದೆ. ನೀರು ಮಾತ್ರ ಹಿಡಕಲ್ ಅಣೆಕಟ್ಟಿನ ಮರ್ಜಿ. ಬಿಡುವಿಲ್ಲದವರು ಯಲ್ಲಾಪುರದಿಂದಲೇ ಹುಬ್ಬಳ್ಳಿಯ ದಾರಿ ಹಿಡಿದರೆ ಹೆದ್ದಾರಿಯಲ್ಲಿ ರಾತ್ರಿಗೆ ಬೆಂಗಳೂರು ಸೇರುತ್ತಾರೆ.