ಮಾಗಿ ಚಳಿಯಲ್ಲಿ ಪಾಚಿ ಕೆಲಸ ಮಾಡುತ್ತಾ?

ಬಿಡದಿ ಹತ್ತಿರದ ಬೈರಮಂಗಲ ಕೆರೆ ಕಟ್ಟಿದ್ದು 1940ರ ದಶಕದಲ್ಲಿ, ಹೊಲಗದ್ದೆಗೆ ನೀರು ಬೇಕು ಅಂತ. ಕೆರೆ ತುಂಬಿಸುವುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ಹಿರಿಯರು ಹೇಳುವ ಹೊಳೆ. ಗಾಳಿ ಆಂಜನೇಯನ ಗುಡಿ ಪಕ್ಕ ಹಾದು, ಕೆಂಗೇರಿ ದಾಟಿ ಬರುತ್ತದೆ. ಇವತ್ತು ಅಲ್ಲಿ ಹರಿಯುವುದು ಮೋರಿ ನೀರು.

ಹೀಗಾದದ್ದು ಯಾವಾಗ ಅಂತ ನಾವು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. 1890ರ ದಶಕದಲ್ಲಿ ಬೆಂಗಳೂರಿಗೆ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿ ನೀರು, 1974ರಲ್ಲಿ ಕಾವೇರಿ. ಬಂದ ನೀರು ಬಚ್ಚಲಿಂದ ಎಲ್ಲಿಗಾದರೂ ಹೋಗಲೇಬೇಕಲ್ಲ! ಸ್ವಾತಂತ್ರ್ಯ ಬಂದ ಮೇಲೆ ರಾಜಾಜಿನಗರ, ಆಮೇಲೆ ವಿಜಯನಗರ, ಬಸವೇಶ್ವರನಗರ ಬೆಳೆದವು. ಇಳಿಜಾರೆಲ್ಲ ಈ ಕಣಿವೆಗೇ. 1970ರ ದಶಕದಲ್ಲಿ ಮೈಸೂರು ರಸ್ತೆ ಪಕ್ಕ ಶುದ್ಧೀಕರಣ ಘಟಕ ಬಂತು. ಊರು ಅದಕ್ಕಿಂತ ಬೇಗ ಬೆಳೆಯಿತು.

ಅದೇ ಕೆಲಸವನ್ನು ಮೈಸೂರಿನ ವಿದ್ಯಾರಣ್ಯಪುರದಲ್ಲಿ ಪಾಚಿ ಮಾಡುತ್ತದೆ. ದೊಡ್ಡ ಹೊಂಡಗಳಲ್ಲಿ ಕೊಳಚೆ ನೀರನ್ನು ದಿನಗಟ್ಟಲೆ ನಿಲ್ಲಿಸುತ್ತಾರೆ. ಬ್ಯಾಕ್ಟೀರಿಯಾ ಹೊಲಸನ್ನು ಕೊಳೆಸುತ್ತವೆ. ಅದರಿಂದ ಹೊರಬಂದ ಸಾರಜನಕ, ರಂಜಕವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ತಿಂದು, ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ. ಆ ಗಾಳಿ ಉಸಿರಾಡಿ ಬ್ಯಾಕ್ಟೀರಿಯಾ ಮತ್ತೆ ದುಡಿಯುತ್ತವೆ. ಗಾಳಿ ಊದುವ ಮೋಟಾರಿನ ಕರೆಂಟ್ ಖರ್ಚು ಉಳಿಯಿತು. ಅಮೆರಿಕದ ವಿಲಿಯಂ ಆಸ್ವಾಲ್ಡ್ 1950ರ ದಶಕದಲ್ಲೇ ಈ ಕೊಡು-ಕೊಳ್ಳುವಿಕೆಯನ್ನು ವಿವರಿಸಿದ್ದರು. ಮೈಸೂರಿನ ಹೊಂಡಗಳ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಹಾಪಾತ್ರ, ಚಾಣಕ್ಯ, ರಾಮಚಂದ್ರ 2013ರಲ್ಲಿ ಅಧ್ಯಯನ ಪ್ರಕಟಿಸಿದರು.

ಚಳಿಗಾಲದಲ್ಲಿ? ನೀರು ತಣ್ಣಗಾದರೆ ಪಾಚಿಯೂ ಬ್ಯಾಕ್ಟೀರಿಯಾವೂ ನಿಧಾನ, ಹಗಲೂ ಗಿಡ್ಡ. ಕೆನಡಾದಂಥ ಕಡೆ ಹೊಂಡದ ಮೇಲೆ ಹಿಮಗಟ್ಟುವುದರಿಂದ ಚಳಿಗಾಲದ ಕೊಳಚೆಯನ್ನು ಹಿಡಿದಿಟ್ಟು ವಸಂತದಲ್ಲಿ ಬಿಡುವ ಊರುಗಳಿವೆ. ನಮ್ಮಲ್ಲಿ ಆ ಪಾಡಿಲ್ಲ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿಯದು, 7.8 ಡಿಗ್ರಿ. ಸಾಮಾನ್ಯವಾಗಿ ಜನವರಿಯ ಬೆಳಗ್ಗೆ 15ರ ಆಸುಪಾಸು, ಮಧ್ಯಾಹ್ನ ಚುರುಕು ಬಿಸಿಲು. ನೀರನ್ನು ಇನ್ನೂ ಒಂದೆರಡು ದಿನ ಹೆಚ್ಚು ನಿಲ್ಲಿಸಿದರೆ ಆಯಿತು. ನಮ್ಮ ಲೆಕ್ಕದಲ್ಲಿ ಮಾಗಿಗಿಂತ ಆಷಾಢದ ಮೋಡವೇ ಪಾಚಿಗೆ ದೊಡ್ಡ ತೊಂದರೆ.

ನಿಜವಾದ ತೊಡಕು ಜಾಗದ್ದು. ಬೆಳಕು ತಳದವರೆಗೆ ಇಳಿಯಬೇಕೆಂದರೆ ಹೊಂಡ ಆಳವಿರಬಾರದು, ಅಗಲವಿರಬೇಕು. ವಿಜಯನಗರದಲ್ಲಿ ಸೈಟು ಬಿಟ್ಟು ಹೊಂಡ ತೋಡುವವರು ಯಾರು? ಇನ್ನೊಂದು ಮಾತು: ಬೆಳೆದ ಪಾಚಿಯನ್ನು ಸೋಸಿ ತೆಗೆಯದಿದ್ದರೆ ಅದು ಸತ್ತು ಕೊಳೆತು, ತಿಂದದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. ಕಾರ್ಖಾನೆಯ ಲೋಹ ಪಾಚಿಯೊಳಗೆ ಸೇರಿದರೆ ಅದನ್ನು ಗೊಬ್ಬರಕ್ಕೂ ಹಾಕುವಂತಿಲ್ಲ. ಈ ಕಣಿವೆಯಲ್ಲಿ ಮನೆ ಬಚ್ಚಲಿನ ಜೊತೆ ಕಾರ್ಖಾನೆ ನೀರೂ ಸೇರುತ್ತದೆ.

ಬೈರಮಂಗಲದ ಕೆಳಗಿನ ರೈತರು ತಮ್ಮ ದಾರಿ ಎಂದೋ ನೋಡಿಕೊಂಡರು. ಈ ನೀರಿಗೆ ಒಗ್ಗುವಂತೆ ಮೇವಿನ ಹುಲ್ಲು, ಹಿಪ್ಪುನೇರಳೆ, ಬೇಬಿ ಕಾರ್ನ್ ಹಾಕಿಕೊಂಡರು. ಆ ಹುಲ್ಲು ತಿಂದ ಹಸುವಿನ ಹಾಲು ಡೇರಿಗೆ ಹೋಗುತ್ತದೆ, ಅಲ್ಲಿಂದ ಪ್ಯಾಕೆಟ್ ಆಗಿ ಪೇಟೆಗೆ.