ಹೊಯ್ಸಳ ಸೀಮೆಯಲ್ಲಿ ಶುಚಿತ್ವದ ಇತಿಹಾಸ

ಅರಸೀಕೆರೆ, ಬೇಲೂರು ಹಾಗೂ ಹಳೇಬೀಡುಗಳನ್ನು ಒಳಗೊಂಡ ಹಾಸನ ಜಿಲ್ಲೆಯ ಹೊಯ್ಸಳ ಸೀಮೆಯಲ್ಲಿ ಸ್ನಾನ, ಮಡಿ ಮತ್ತು ದೇಹಶುದ್ಧಿಯ ಕಲ್ಪನೆಗಳು ಸುಮಾರು ಒಂಬತ್ತು ಶತಮಾನಗಳಲ್ಲಿ ಹಲವು ಬಾರಿ ಬದಲಾಗಿವೆ. ಧಾರ್ಮಿಕ ಶುದ್ಧಿ ಮತ್ತು ಆರೋಗ್ಯದ ಶುಚಿತ್ವ ಇಲ್ಲಿ ಬಹುಕಾಲ ಒಂದೇ ಎಂದು ಭಾವಿಸಲ್ಪಟ್ಟಿದ್ದವು.

ಹೊಯ್ಸಳರ ಕಾಲ

ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಅರಸೀಕೆರೆ ಎಂದರೆ ಅರಸಿಯ ಕೆರೆ. ಎರಡೂ ಊರುಗಳ ಹೆಸರಿನಲ್ಲೇ ನೀರಿದೆ. ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ 12ನೇ ಶತಮಾನದ ಮೆಟ್ಟಿಲುಗಳ ಕಲ್ಯಾಣಿಯಿದ್ದು, ಸುತ್ತಲೂ ಚಿಕ್ಕ ಗುಡಿಗಳಿವೆ. ಅರಸರ ಸ್ನಾನದ ಕ್ರಮವನ್ನು ಹೊಯ್ಸಳರ ಅಧಿರಾಜರಾಗಿದ್ದ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ವಿವರಿಸುತ್ತದೆ. ಈ ಸಂಸ್ಕೃತ ಗ್ರಂಥದಲ್ಲಿ ಸ್ನಾನವನ್ನು ಭೋಗಗಳಲ್ಲಿ ಒಂದಾಗಿ ಎಣಿಸಲಾಗಿದೆ. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿ ಅಲಂಕಾರಪ್ರಿಯ ಸಮಾಜವೊಂದರ ಸಾಕ್ಷಿಯೇ ಸರಿ.

ಅದೇ ಕಾಲದಲ್ಲಿ ಇದಕ್ಕೆ ಪೂರ್ಣ ವಿರುದ್ಧವಾದ ನಿಲುವೂ ಗೌರವ ಪಡೆದಿತ್ತು. ಹಳೇಬೀಡಿನಲ್ಲಿ ಬಸದಿಗಳನ್ನು ಕಟ್ಟಿದ ದಿಗಂಬರ ಜೈನ ಸಂಪ್ರದಾಯದಲ್ಲಿ ಮುನಿಗಳ 28 ಮೂಲಗುಣಗಳ ಪೈಕಿ ಸ್ನಾನ ಮಾಡದಿರುವುದು ಮತ್ತು ಹಲ್ಲುಜ್ಜದಿರುವುದು ಸೇರಿವೆ. ವಚನಕಾರರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ನಿರಾಕರಿಸಿ, ಒಳಗಿನ ಶುದ್ಧಿಗೆ ಒತ್ತು ನೀಡಿದರು.

ಬಚ್ಚಲುಮನೆ

ಮನೆಗಳಲ್ಲಿ ತಾಮ್ರದ ಹಂಡೆಗೆ ಸೌದೆಯುರಿ ಹಾಕಿ ನೀರು ಕಾಯಿಸುತ್ತಿದ್ದರು. ದೀಪಾವಳಿಯ ನರಕಚತುರ್ದಶಿಯ ಮುನ್ನಾದಿನ ಹಂಡೆಯನ್ನು ತೊಳೆದು, ಸಿಂಗರಿಸಿ, ನೀರು ತುಂಬಿ ಪೂಜಿಸುವ ಪದ್ಧತಿ ಇಂದಿಗೂ ಇದೆ. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ಮೈಗೆ ಹಚ್ಚಿದ ಎಣ್ಣೆ ತೆಗೆಯಲು ಸೀಗೆಪುಡಿ, ಅಂಟುವಾಳ ಅಥವಾ ಕಡಲೆಹಿಟ್ಟು ಬಳಸುತ್ತಾರೆ. ಸೀಗೆ ಮತ್ತು ಅಂಟುವಾಳದಲ್ಲಿರುವ ಸಪೋನಿನ್ ನೀರಿನಲ್ಲಿ ನೊರೆಯಾಗಿ ಜಿಡ್ಡನ್ನು ಬಿಡಿಸುತ್ತದೆ. ಕಡಲೆಹಿಟ್ಟು ಅದನ್ನು ಹೀರಿಕೊಳ್ಳುತ್ತದೆ. ತೆಂಗಿನ ನಾಡಾದ ಅರಸೀಕೆರೆಯಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದು ಸಹಜವಾಗಿತ್ತು. ಆದರೆ ಬಯಲುಸೀಮೆಯ ಈ ತಾಲ್ಲೂಕಿನಲ್ಲಿ ನೀರು, ಮಲೆನಾಡಿಗೆ ಹೊಂದಿಕೊಂಡ ಬೇಲೂರಿನಲ್ಲಿದ್ದಷ್ಟು ಧಾರಾಳವಾಗಿರಲಿಲ್ಲ.

ಪ್ಲೇಗು ಮತ್ತು ಸಾಬೂನು

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಗುರುತಿಸಿದನು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಕೊಳೆಯೆಂದರೆ ಮೈಲಿಗೆ ಮಾತ್ರವಲ್ಲ, ಕಣ್ಣಿಗೆ ಕಾಣದ ರೋಗಾಣುವೂ ಹೌದು ಎಂಬ ತಿಳಿವಳಿಕೆ ಆ ಬಳಿಕ ಮೈಸೂರು ಸಂಸ್ಥಾನದಲ್ಲಿ ನಿಧಾನವಾಗಿ ಹರಡಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸೋಪು ಅಲ್ಲಿಯದೇ.

ಮಡಿ, ಮೈಲಿಗೆ ಮತ್ತು ಕಾನೂನು

ಮಡಿಯು ಶುಚಿತ್ವದ ಹೆಸರಿನಲ್ಲಿ ನಡೆದರೂ ಅದರ ಅಳತೆಗೋಲು ಕೊಳೆಯಾಗಿರಲಿಲ್ಲ. ಮಿಂದು ಬಂದ ದಲಿತನಿಗೂ ಊರಿನ ಬಾವಿ ಮುಟ್ಟುವ ಅವಕಾಶವಿರಲಿಲ್ಲ. ನೀರೇ ಸಿಗದಂತೆ ಮಾಡಿ ಅವನನ್ನು ಕೊಳಕನೆಂದು ಕರೆಯಲಾಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೇ ವಿಧಿಯು ಸಾರ್ವಜನಿಕ ಬಾವಿ, ಕೆರೆ ಹಾಗೂ ಸ್ನಾನಘಟ್ಟಗಳ ಬಳಕೆಯಲ್ಲಿ ಜಾತಿಭೇದವನ್ನು ನಿಷೇಧಿಸುತ್ತದೆ.

ತುಮಕೂರು, ಚಿತ್ರದುರ್ಗ ಮತ್ತು ಹಾಸನ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹಾಗೂ ಹೆರಿಗೆಯಾದ ಹೆಂಗಸರನ್ನು ಹಟ್ಟಿಯ ಹೊರಗಿರಿಸುವ ರೂಢಿ ಉಳಿದುಬಂದಿದೆ. ಬಾಣಂತಿ ಮತ್ತು ಹಸುಗೂಸು ಚಳಿ ಮಳೆಯಲ್ಲಿ ಗುಡಿಸಲಿನಲ್ಲಿರಬೇಕಾಗುವುದರಿಂದ, ಶುದ್ಧಿಗಾಗಿ ಇರುವ ಈ ಕಟ್ಟಳೆಯೇ ಸೋಂಕಿಗೆ ದಾರಿ ಮಾಡುತ್ತದೆ. 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆಯಡಿ ಮಹಿಳೆಯರನ್ನು ಹೀಗೆ ಬಲವಂತವಾಗಿ ಪ್ರತ್ಯೇಕಿಸುವುದು ಅಪರಾಧವಾಗಿದೆ.