ಕೋಕ್ ಇಲ್ಲದ ನಾಡಿನಲ್ಲಿ ಕಬ್ಬಿಣ

ನಮ್ಮ ಬೈರಕೂರಿನ ಸುತ್ತ ಎಷ್ಟು ಆಳಕ್ಕೆ ಅಗೆದರೂ ಕಲ್ಲಿದ್ದಲು ಸಿಕ್ಕದು. ಇಲ್ಲಿನ ಬಂಡೆಗಳು ಕಲ್ಲಿದ್ದಲಿಗೆ ಮೂಲವಾದ ಕಾಡುಗಳು ಬೆಳೆಯುವುದಕ್ಕೆ ಇನ್ನೂರು ಕೋಟಿ ವರ್ಷಗಳಿಗೂ ಮುಂಚೆ ಗಟ್ಟಿಯಾದವು. ಹಳೆಯ ಮೈಸೂರು ಸೀಮೆಯೆಲ್ಲ ಇಂಥದೇ ನೆಲ. ಕೋಲಾರದ ಚಿನ್ನದ ಗಣಿಯ ಯಂತ್ರಗಳಿಗೇನೋ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಒದಗಿತು. ಆದರೆ ಅದಿರಿನಿಂದ ಆಮ್ಲಜನಕವನ್ನು ಕಸಿದುಕೊಳ್ಳಲು ಇಂಗಾಲವೇ ಬೇಕಷ್ಟೆ.

ಊದುಕುಲುಮೆಗೆ ಎಲ್ಲ ಕಲ್ಲಿದ್ದಲೂ ಆಗುವುದಿಲ್ಲ. ಇದರ ಪರೀಕ್ಷೆ ಸರಳವಾದುದು. ಪುಡಿ ಮಾಡಿದ ಕಲ್ಲಿದ್ದಲನ್ನು ಮುಚ್ಚಳವಿರುವ ಮೂಸೆಯಲ್ಲಿಟ್ಟು ಬಲವಾಗಿ ಕಾಯಿಸಬೇಕು. ಕೋಕ್‌ಗೆ ಯೋಗ್ಯವಾದುದು ಮೆತ್ತಗಾಗಿ, ಉಬ್ಬಿ, ಗಟ್ಟಿ ಗುಂಡಿಯಂತೆ ಹೆಪ್ಪುಗಟ್ಟುತ್ತದೆ. ಅಲ್ಲದ್ದು ಪುಡಿಯಾಗಿಯೇ ಉಳಿಯುತ್ತದೆ. ಬಳಿಕ ಬೂದಿ, ಗಂಧಕ, ರಂಜಕಗಳನ್ನು ಅಳೆಯುತ್ತಾರೆ. ಕೋಕ್ ಬರಿಯ ಇಂಧನವಲ್ಲ. ಮೇಲಿನ ಅದಿರಿನ ಭಾರವನ್ನು ಹೊತ್ತು, ಗಾಳಿಗೆ ಸಂದು ಬಿಡುವ ಕಂಬವೂ ಹೌದು.

ಮೈಸೂರಿಗೆ ಸಮೀಪದ ದೊಡ್ಡ ಗಣಿ ಸಿಂಗರೇಣಿ. ಅಲ್ಲಿನ ಕಲ್ಲಿದ್ದಲು ರೈಲಿಗೆ ಸಲ್ಲುತ್ತಿತ್ತು, ಕೋಕ್‌ಗೆ ಸಲ್ಲಲಿಲ್ಲ. ಸಲ್ಲುವಂಥದು ಇದ್ದದ್ದು ದೂರದ ಝರಿಯಾದಲ್ಲಿ. ಟಾಟಾ ಕಾರ್ಖಾನೆ ಸಾಕ್ಚಿಯಲ್ಲಿ ನೆಲೆಯೂರಲು ಅದೂ ಒಂದು ಕಾರಣ.

ಹೀಗಿರುವಾಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು (ಅವಿಭಜಿತ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯವರು ಎನ್ನುವುದನ್ನು ನಾವು ಮರೆಯುವಂತಿಲ್ಲ) ಭದ್ರಾವತಿಯನ್ನು ಆರಿಸಿದರು. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಭದ್ರಾ ನದಿಯ ನೀರು, ಸುತ್ತಲೂ ಮಲೆನಾಡಿನ ಕಾಡು. ಕೋಕ್ ಬದಲಿಗೆ ಇದ್ದಿಲು! 1918ರಲ್ಲಿ ಕೆಲಸ ಮೊದಲಾಗಿ 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಇದ್ದಿಲಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಕಬ್ಬಿಣ ಶುದ್ಧವಾಗಿತ್ತು. ಮರವನ್ನು ಸುಮ್ಮನೆ ಸುಡದೆ ಬಟ್ಟಿ ಇಳಿಸಿ ಮೀಥೈಲ್ ಆಲ್ಕೊಹಾಲ್, ಟಾರುಗಳನ್ನೂ ಪಡೆದರು.

ಆದರೆ ಇದ್ದಿಲು ಬೇಗ ನುಗ್ಗಾಗುತ್ತದೆ. ಕುಲುಮೆಯನ್ನು ಬಹಳ ಎತ್ತರಿಸುವಂತಿಲ್ಲ. ಯುದ್ಧಾನಂತರ ಕಬ್ಬಿಣದ ಬೆಲೆಯೂ ಕುಸಿದು ನಷ್ಟವಾಯಿತು. ಬಿಳಿಯಾನೆ ಸಾಕಿದರೆಂದು ಜನ ಆಡಿಕೊಂಡರು. ಆ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಇಲ್ಲದ ಕೋಕ್‌ಗಾಗಿ ಕಾದಿದ್ದರೆ ಕಾರ್ಖಾನೆಯೇ ಇರುತ್ತಿರಲಿಲ್ಲ. ಲೆಕ್ಕ ಕೇಳಬೇಕಾದದ್ದು ಹಣದ್ದಕ್ಕಿಂತ ಕಾಡಿನದು. ಬೆಳೆದ ಮರಕ್ಕೆ ಪ್ರತಿಯಾಗಿ ನೆಟ್ಟ ಸಸಿ ಹತ್ತಾರು ವರ್ಷ ಕಾಯಿಸುತ್ತದೆ.

ಸ್ವಾತಂತ್ರ್ಯಾನಂತರ ಜೋಗದ ವಿದ್ಯುತ್ತು ಬಂದ ಮೇಲೆ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳನ್ನು ಹೂಡಿದರು. ಶಾಖಕ್ಕೆ ವಿದ್ಯುತ್ತು, ಆಮ್ಲಜನಕ ಕಸಿಯಲು ಮಾತ್ರ ಇಂಗಾಲ. 1999ರಲ್ಲಿ ತೋರಣಗಲ್ಲಿನಲ್ಲಿ ಆರಂಭವಾದ ಕೋರೆಕ್ಸ್ ಕುಲುಮೆಯಂತೂ ಕೋಕ್ ಆಗದ ಕಲ್ಲಿದ್ದಲನ್ನೇ ಮುಖ್ಯವಾಗಿ ನೆಚ್ಚಿದ್ದು. ಅದರ ಪಕ್ಕದಲ್ಲೇ ಎದ್ದ ದೊಡ್ಡ ಊದುಕುಲುಮೆಗಳಿಗೆ ಬೇಕಾದ ಕೋಕ್ ಕಲ್ಲಿದ್ದಲು ಹಡಗೇರಿ ಹೊರದೇಶಗಳಿಂದ ಬರುತ್ತದೆ.